ಕಸುಬು ಕಲಿತ ಮೇಲಿನ ಎರಡು ವರ್ಷ

ಹಳ್ಳಿಯ ಯುವಜನರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ 1982ರಲ್ಲಿ ಶುರುವಾಯಿತು. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಅಲ್ಲಿನ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಇದನ್ನು ಕಟ್ಟಿದವು. ತರಬೇತಿ ಕೇಂದ್ರದ ಪಾಲುದಾರರಲ್ಲಿ ಎರಡು ಬ್ಯಾಂಕುಗಳಿದ್ದುದು ಸಣ್ಣ ಸಂಗತಿಯಲ್ಲ. ಕೆಲಸವಿಲ್ಲದವನಿಗೂ ಕೆಲಸಕ್ಕೂ ನಡುವೆ ಇರುವ ಅಡ್ಡಿಗಳಲ್ಲಿ ಕಸುಬು ಬಾರದಿರುವುದು ಒಂದು ಮಾತ್ರ, ಅದೂ ಎಷ್ಟೋ ವೇಳೆ ಸುಲಭವಾಗಿ ನಿವಾರಣೆಯಾಗುವಂಥದ್ದು, ಎಂಬ ತಿಳಿವಳಿಕೆ ಆ ಪಾಲುದಾರಿಕೆಯಲ್ಲೇ ಇತ್ತು.

ಅದಕ್ಕೆ ಮೂರು ವರ್ಷ ಮೊದಲು, 1979ರಲ್ಲಿ, ಕೇಂದ್ರ ಸರ್ಕಾರ ಗ್ರಾಮೀಣ ಯುವಕರ ಸ್ವ ಉದ್ಯೋಗ ತರಬೇತಿಗಾಗಿ ಟ್ರೈಸೆಮ್ ಯೋಜನೆ ತಂದಿತ್ತು. ಕಲಿಯುವಷ್ಟು ದಿನ ಭತ್ಯೆ ಸಿಗುತ್ತಿತ್ತು. ಆದರೆ ಕಲಿತದ್ದಕ್ಕೂ ಊರಿನ ಬೇಡಿಕೆಗೂ ಹೊಂದಾಣಿಕೆ ಇರಲಿಲ್ಲ, ಸಾಲದ ದಾರಿ ಸ್ಪಷ್ಟವಿರಲಿಲ್ಲ. ಭತ್ಯೆಯ ಆಸೆಗೆ ಬಂದವರು ಭತ್ಯೆ ನಿಂತ ದಿನ ಮನೆಗೆ ಹೋದರು ಎಂಬ ದೂರು ಕೊನೆಯವರೆಗೂ ಉಳಿಯಿತು. 1999ರಲ್ಲಿ ಆ ಯೋಜನೆ ಬೇರೊಂದರಲ್ಲಿ ವಿಲೀನವಾಯಿತು.

ಉಜಿರೆಯ ಪದ್ಧತಿಯಲ್ಲಿ ಕೈಗೆ ಹಣ ಕೊಡುವ ಬದಲು ಊಟ, ವಸತಿ, ಪಾಠ ಎಲ್ಲವೂ ಉಚಿತ. ದಿನಗೂಲಿಯ ಮನೆಯ ಹುಡುಗನಿಗೆ ಆರು ತಿಂಗಳ ಕೋರ್ಸು ಎಂದರೆ ಆರು ತಿಂಗಳ ಕೂಲಿ ಹೋದಂತೆ. ಆದ್ದರಿಂದ ತರಬೇತಿಯ ಅವಧಿಯನ್ನೇ ಚಿಕ್ಕದು ಮಾಡಲಾಯಿತು. ಹೈನುಗಾರಿಕೆಗೆ ಸುಮಾರು 10 ದಿನ, ಹೊಲಿಗೆ, ಮೊಬೈಲ್ ರಿಪೇರಿ, ಮನೆ ವೈರಿಂಗ್‌ಗಳಿಗೆ ಸುಮಾರು ಒಂದು ತಿಂಗಳು. ಒಂದು ತಂಡದಲ್ಲಿ 25ರಿಂದ 35 ಜನ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಲ್ಲೇ ಇರುವುದರಿಂದ ಕಡಿಮೆ ದಿನದಲ್ಲೂ ಕೈ ಪಳಗುತ್ತದೆ. ಬಹುಪಾಲು ಕಸುಬುಗಳಿಗೆ ದೊಡ್ಡ ಓದು ಬೇಕಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಎಲ್ಲ ಅರ್ಜಿಗಳಿಂದಲೂ ಹೊರಗುಳಿದವರಿಗೆ ಇದೇ ದೊಡ್ಡ ಬಾಗಿಲು.

ಕಸುಬಿನ ಜೊತೆಗೆ ಇನ್ನೊಂದು ಪಾಠ ನಡೆಯುತ್ತದೆ, ಅದರ ಬೇರು ಆಂಧ್ರದ ಕಾಕಿನಾಡದಲ್ಲಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲಂಡ್ 1960ರ ದಶಕದಲ್ಲಿ ಆ ಊರಿನ ಸಣ್ಣ ವ್ಯಾಪಾರಿಗಳ ಮೇಲೆ ಪ್ರಯೋಗ ಮಾಡಿ, ಸಾಧಿಸಬೇಕೆಂಬ ಹಂಬಲವನ್ನೂ ತರಬೇತಿಯಿಂದ ಬೆಳೆಸಬಹುದೆಂದು ವಾದಿಸಿದರು. ಭಾರತದ ಉದ್ಯಮಶೀಲತಾ ತರಬೇತಿಗಳಲ್ಲಿ ಇಂದಿಗೂ ಆಡಿಸುವ ಆಟಗಳು ಅದೇ ಪರಂಪರೆಯವು. ಗೂಟಕ್ಕೆ ಬಳೆ ಎಸೆಯುವ ಆಟದಲ್ಲಿ ಎಷ್ಟು ದೂರ ನಿಲ್ಲಬೇಕೆಂದು ಆಡುವವರೇ ತೀರ್ಮಾನಿಸಬೇಕು. ತೀರ ಹತ್ತಿರ ನಿಂತರೆ ಗೆದ್ದರೂ ಅಂಕ ಕಡಿಮೆ, ತೀರ ದೂರ ನಿಂತರೆ ಬೀಳುವುದೇ ಇಲ್ಲ. ತನ್ನ ಅಳತೆಗೆ ತಕ್ಕ ಅಪಾಯ ಯಾವುದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಭಾಷಣದಲ್ಲಿ ಹೇಳಲಾಗದು. ಹಿಂದಿನ ದಿನ ಕಲಿತದ್ದರಲ್ಲಿ ಮುಖ್ಯವಾದುದನ್ನು ಮರುದಿನ ಬೆಳಿಗ್ಗೆ ಎದ್ದು ನಿಂತು ಹೇಳಬೇಕು ಎಂಬ ರೂಢಿಯೂ ಇದೆ. ಹತ್ತು ಜನರ ಮುಂದೆ ಎಂದೂ ಬಾಯಿ ತೆರೆಯದ ಹೆಣ್ಣುಮಗಳು ಮೂವತ್ತು ದಿನ ಹೀಗೆ ಮಾತಾಡಿದ ಮೇಲೆ ಗಿರಾಕಿಯ ಎದುರು ದರ ಹೇಳಲು ಅಷ್ಟಾಗಿ ಹಿಂಜರಿಯುವುದಿಲ್ಲ.

ಮುಂದಿನ ಅಡ್ಡಿ ಬಂಡವಾಳದ್ದು. ಅಡವಿಡಲು ಆಸ್ತಿಯಿಲ್ಲ, ಜಾಮೀನಿಗೆ ಜನವಿಲ್ಲ, ಬ್ಯಾಂಕಿನೊಳಗೆ ಕಾಲಿಡಲು ಧೈರ್ಯವಿಲ್ಲ. ತರಬೇತಿಯ ಹೊತ್ತಿನಲ್ಲೇ ಮಾರುಕಟ್ಟೆ ಸಮೀಕ್ಷೆ ಮಾಡಿಸಿ, ಯೋಜನಾ ವರದಿ ಬರೆಸಿ, ಬ್ಯಾಂಕಿನವರನ್ನೇ ತರಗತಿಗೆ ಕರೆಸುವುದು ಈ ಕಾರಣಕ್ಕೆ. 2015ರಲ್ಲಿ ಬಂದ ಮುದ್ರಾ ಯೋಜನೆಯಡಿ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಬೇಡ. 50,000ದೊಳಗಿನ ‘ಶಿಶು’ ಸಾಲ ಒಂದು ಹೊಲಿಗೆ ಅಂಗಡಿಗೆ ಸಾಕಾಗಬಹುದು. ಆದರೂ ಎಲ್ಲರಿಗೂ ಸಾಲ ಸಿಗುವುದಿಲ್ಲ. ಕೈಯಲ್ಲಿದ್ದ ಅಷ್ಟಿಷ್ಟು ಉಳಿತಾಯದಿಂದಲೋ ನೆಂಟರಿಂದ ತಂದ ಹಣದಿಂದಲೋ ಶುರುಮಾಡುವವರು ಇದ್ದಾರೆ. ಒಳ್ಳೆಯ ಯೋಜನಾ ವರದಿ ಹಿಡಿದು ಬಂದವರನ್ನು ಶಾಖೆಯಿಂದ ಶಾಖೆಗೆ ಅಲೆಸುವುದು ಇಡೀ ತರಬೇತಿಯ ಶ್ರಮವನ್ನೇ ನೀರುಪಾಲು ಮಾಡುತ್ತದೆ.

ಅಂಗಡಿ ತೆರೆದ ಮೇಲಿನ ಮೊದಲ ವರ್ಷ ಎಲ್ಲಕ್ಕಿಂತ ಕಠಿಣ. ಆಷಾಢದಲ್ಲಿ ಮದುವೆಗಳಿಲ್ಲ, ರವಿಕೆ ಹೊಲಿಸುವವರು ಕಡಿಮೆ. ಬ್ಯಾಂಕಿನ ಕಂತಿಗೆ ಆಷಾಢವಿಲ್ಲ. ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವವರು ತಾಮ್ರದ ತಂತಿಯನ್ನು ಕೈಯಿಂದ ಹಣ ಹಾಕಿ ತರಬೇಕು, ರೈತ ಬೆಳೆ ಬಂದ ಮೇಲೆ ಕೊಡುತ್ತೇನೆ ಎನ್ನುತ್ತಾನೆ. ಇಂಥ ಬಿಕ್ಕಟ್ಟು ತರಗತಿಯಲ್ಲಿ ಕಾಣಿಸುವುದೇ ಇಲ್ಲ. ತರಬೇತಿ ಮುಗಿದ ಎರಡು ವರ್ಷದವರೆಗೂ ಕಲಿತವರ ಬೆನ್ನಿಗೆ ನಿಲ್ಲಬೇಕು ಎಂಬುದು ರುಡ್‌ಸೆಟ್‌ನ ನಿಯಮ. ಪತ್ರ, ಫೋನು, ಮನೆಭೇಟಿ, ಹಳೆಯ ಶಿಬಿರಾರ್ಥಿಗಳ ಕೂಟ, ಹೀಗೆ ಸಂಪರ್ಕ ಉಳಿಯುತ್ತದೆ. ಈ ಮಾದರಿಯ ನಿಜವಾದ ಬಲ ಇರುವುದು ಇಲ್ಲಿಯೇ. ಎಷ್ಟು ಜನ ಪ್ರಮಾಣಪತ್ರ ಪಡೆದರು ಎಂಬ ಲೆಕ್ಕಕ್ಕಿಂತ ಎಷ್ಟು ಜನ ಎರಡು ವರ್ಷದ ನಂತರವೂ ಅಂಗಡಿಯ ಬಾಗಿಲು ತೆರೆಯುತ್ತಿದ್ದಾರೆ ಎಂಬ ಲೆಕ್ಕವೇ ಹೆಚ್ಚು ಪ್ರಾಮಾಣಿಕವಾದುದು.

2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ದೇಶಕ್ಕೆಲ್ಲ ಹಬ್ಬಿಸಲು ನಿರ್ಧರಿಸಿ, ಜಿಲ್ಲೆಗೊಂದರಂತೆ ಆರ್‌ಸೆಟಿ ಕೇಂದ್ರಗಳನ್ನು ನಡೆಸುವ ಹೊಣೆಯನ್ನು ಬ್ಯಾಂಕುಗಳಿಗೆ ವಹಿಸಿತು. ಇಂದು ಅಂಥ ಐನೂರಕ್ಕೂ ಹೆಚ್ಚು ಕೇಂದ್ರಗಳಿವೆ. ತಿಂಗಳ ಸಂಬಳದ ನೌಕರಿಯನ್ನೇ ಬಯಸುವವರಿಗೆ 2014ರಿಂದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಪ್ರತ್ಯೇಕವಾಗಿದೆ. ಅಲ್ಲಿ ಅಡ್ಡಿಗಳೂ ಬೇರೆ: ದೂರದ ನಗರ, ರೂಮಿನ ಬಾಡಿಗೆ, ಮೊದಲ ಸಂಬಳ ಬರುವವರೆಗಿನ ಖರ್ಚು.

ವಸತಿ ತರಬೇತಿಯೇ ಕೆಲವರಿಗೆ ಅಡ್ಡಿಯಾಗುವುದೂ ಉಂಟು. ಹಾಲುಣ್ಣುವ ಮಗು, ಕರೆಯುವ ಹಸು, ಹಾಸಿಗೆ ಹಿಡಿದ ಅತ್ತೆ ಇರುವ ಹೆಂಗಸು ಒಂದು ತಿಂಗಳು ಮನೆ ಬಿಟ್ಟು ಇರಲಾರಳು. ಅಂಥ ಕಡೆ ತರಬೇತುದಾರರೇ ಹಳ್ಳಿಗೆ ಹೋಗಿ, ಊರಲ್ಲಿ ಸಿಗುವ ಜಾಗದಲ್ಲೇ ಪಾಠ ನಡೆಸುವ ವ್ಯವಸ್ಥೆ ಇದೆ. ಆಗ ಕಲಿಯುವವರು ಬೆಳಗಿನ ಹಾಲು ಡೇರಿಗೆ ಹಾಕಿ ಬಂದು ಕೂರುತ್ತಾರೆ, ಸಂಜೆಯ ಹಾಲಿನ ಹೊತ್ತಿಗೆ ಮನೆ ಸೇರುತ್ತಾರೆ.