ವಿಮಾನದ ಕಡೆಗೀಲು

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ದಾರಿಯಲ್ಲಿ ಚಕ್ಕಡಿ ಹೊಡೆದವರಿಗೆ ಕಡೆಗೀಲಿನ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅಚ್ಚಿನ ತುದಿಯ ಆ ತುಂಡು ಕಬ್ಬಿಣ ಕಳಚಿತೆಂದರೆ ಗಾಲಿಯೊಂದು ಕಡೆ, ಬಂಡಿಯೊಂದು ಕಡೆ! ಜೇಡರ ದಾಸಿಮಯ್ಯನ ವಚನದಲ್ಲಿಯೂ ಅದಕ್ಕೆ ಸ್ಥಾನ ದೊರೆತಿದೆ. ವಿಮಾನಕ್ಕೂ ಇಂತಹ ಕೀಲುಗಳುಂಟು.

1958ರಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ ಮೊದಲ ಬಾರಿಗೆ ಹಾರಿದ ‘ಪುಷ್ಪಕ’ವು ಇಬ್ಬರು ಕೂಡುವ ಪುಟ್ಟ ವಿಮಾನ, ಅದರ ಎಂಜಿನಿಗೆ 90 ಅಶ್ವಶಕ್ತಿ. ಇಂತಹ ಲಘುವಿಮಾನಗಳ ಮೂಗಿನಲ್ಲಿ ಉಕ್ಕಿನ ಕೊಳವೆಗಳ ಚೌಕಟ್ಟೊಂದು ಎಂಜಿನನ್ನು ಹೊತ್ತಿರುತ್ತದೆ. ಆ ಚೌಕಟ್ಟನ್ನು ಒಡಲಿಗೆ ಬಿಗಿಯುವವು ಹಲವು ವಿಮಾನಗಳಲ್ಲಿ ನಾಲ್ಕೇ ಬೋಲ್ಟುಗಳು!

ಅಮೆರಿಕ ಮೊದಲಾದ ದೇಶಗಳಲ್ಲಿ ಸಾವಿರಾರು ಹವ್ಯಾಸಿಗಳು ಮನೆಯಲ್ಲಿಯೇ ವಿಮಾನ ಕಟ್ಟುತ್ತಾರೆ. ಬಲ್ಲವರು ಈ ಕೆಲಸಕ್ಕೆ ಪೇಟೆಯ ಸಾಮಾನ್ಯ ಬೋಲ್ಟನ್ನು ಮುಟ್ಟರು. ವಿಮಾನದ ಬೋಲ್ಟು ಕ್ಯಾಡ್ಮಿಯಮ್ ಲೇಪಿಸಿದ ಮಿಶ್ರಲೋಹದ ಉಕ್ಕು. ತಲೆಯ ಮೇಲೆ ಕತ್ತರಿ ಗುರುತು. ಚದರಂಗುಲಕ್ಕೆ 1,25,000 ಪೌಂಡಿನ ಎಳೆತವನ್ನು ತಾಳಬಲ್ಲುದು. ಅದರ ನುಣುಪಾದ ಭಾಗವು ರಂಧ್ರದ ಉದ್ದಕ್ಕೆ ಹೊಂದಬೇಕು. ಭಾರವು ತಿರುಪಿನ ಸುತ್ತುಗಳ ಮೇಲೆ ಬೀಳಬಾರದು.

ಬಿಗಿದ ನಟ್ಟು ಎಂಜಿನಿನ ಕಂಪನಕ್ಕೆ ಸಡಿಲಬಾರದಷ್ಟೆ? ನೈಲಾನ್ ಬಳೆಯ ನಟ್ಟು ಸುಮಾರು 120 ಡಿಗ್ರಿ ಸೆಂಟಿಗ್ರೇಡಿನಾಚೆ ನಂಬಿಕೆಗೆ ಅರ್ಹವಲ್ಲ. ಆದುದರಿಂದ ಕೋಟೆಯ ತೆನೆಗಳಂತೆ ಕಚ್ಚುಗಳಿರುವ ನಟ್ಟನ್ನು ತೊಡಿಸಿ, ಬೋಲ್ಟಿನ ತೂತಿನಲ್ಲಿ ಕಾಟರ್ ಪಿನ್ನನ್ನು ತೂರಿಸಿ ತುದಿಗಳನ್ನು ಮಡಿಸುವರು. ಕಡೆಗೀಲಿನ ತಮ್ಮನೇ ಅದು!

ಎಂಜಿನು ಕೆಟ್ಟು ನಿಂತರೆ ವಿಮಾನವು ತೇಲುತ್ತ ಇಳಿದೀತು. ಎಂಜಿನೇ ಕಳಚಿದರೆ ಬಾಲ ಭಾರವಾಗಿ, ಸಮತೋಲ ತಪ್ಪಿ, ಚಾಲಕನ ಕೈಮೀರುವುದು. ಬಂಡಿಯವನು ಇಳಿದು ಕೀಲನ್ನು ಹುಡುಕಬಲ್ಲ. ಆಕಾಶದಲ್ಲಿ ಆ ಅವಕಾಶವೆಲ್ಲಿ?