ಖಾತೆಯ ಗುಟ್ಟು ಬಯಲಾದಾಗ ಮಾಡಬೇಕಾದುದೇನು?

ಬ್ಯಾಂಕಿನಲ್ಲಿ ದುಡಿಯುವ ಒಬ್ಬ ನೆಂಟನೋ ನೆರೆಯವನೋ ಇಲ್ಲದ ಕನ್ನಡ ಕುಟುಂಬ ಡೊಂಬಿವಲಿಯಲ್ಲಿ ವಿರಳವೆಂದರೆ ಅತಿಶಯೋಕ್ತಿಯಾಗಲಾರದು. ಪಾಸ್‌ಬುಕ್ಕು ಬರೆಸುವುದರಿಂದ ಹಿಡಿದು ಗೃಹಸಾಲದವರೆಗೆ ಈ ನಂಟು ನಮಗೆ ಉಪಕರಿಸುತ್ತ ಬಂದಿದೆ. ಆದರೆ ಇದೇ ಬಾಗಿಲಿನಿಂದ ಒಂದು ಕೇಡೂ ಒಳಹೊಕ್ಕಿದೆ. ಸಾಲದ ಕಂತು ತಪ್ಪಿದ ಸುದ್ದಿ, ಠೇವಣಿಯ ಮೊತ್ತ, ಸಂಬಳದ ಅಂಕಿ ಇವೆಲ್ಲ ಖಾತೆದಾರನ ಬಾಯಿಂದ ಹೊರಡುವ ಮೊದಲೇ ಊಟದ ಪಂಕ್ತಿಯಲ್ಲಿ ಪ್ರಸ್ತಾಪವಾಗುತ್ತವೆ. ಒಂದು ರೂಪಾಯಿಯೂ ಕಳವಾಗದೆ ಮನುಷ್ಯನಿಗೆ ಹಾನಿಯಾಗುವುದು ಹೀಗೆ.

ಲೆಡ್ಜರುಗಳ ಕಾಲದಲ್ಲಿ ಒಂದು ಶಾಖೆಯ ಖಾತೆಯನ್ನು ಆ ಶಾಖೆಯ ಗುಮಾಸ್ತರಷ್ಟೇ ನೋಡಬಹುದಿತ್ತು. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಹುಬ್ಬಳ್ಳಿಯ ಖಾತೆಯನ್ನು ಕಲ್ಯಾಣದಲ್ಲಿ ಕುಳಿತು ತೆರೆಯಬಹುದು. ಗ್ರಾಹಕನ ಅನುಕೂಲಕ್ಕಾಗಿ ಮಾಡಿದ ಈ ಏರ್ಪಾಡು ಕುತೂಹಲಿಗೂ ಅನುಕೂಲವೇ ಆಯಿತು.

ಈ ವಿಷಯದಲ್ಲಿ ನಾನು ಉಪದೇಶಕನ ಸ್ಥಾನದಲ್ಲಿಲ್ಲ. ಹದಿನೈದು ವರ್ಷಗಳ ಹಿಂದೆ ಊರಿನಿಂದ ಚಿಕ್ಕಪ್ಪನವರು ದೂರವಾಣಿ ಮಾಡಿ, ಮಗಳಿಗೆ ಗೊತ್ತುಮಾಡುತ್ತಿದ್ದ ವರನ ಖಾತೆ ನಮ್ಮ ಬ್ಯಾಂಕಿನಲ್ಲಿಯೇ ಇರುವುದಾಗಿ ತಿಳಿಸಿ, “ಸ್ವಲ್ಪ ನೋಡಿ ಹೇಳಪ್ಪ, ಹುಡುಗಿಯ ಬಾಳಿನ ಪ್ರಶ್ನೆ” ಎಂದರು. ನೋಡಿದೆ. ಚಿನ್ನದ ಮೇಲೆ ಸಾಲವಿತ್ತು, ಬಡ್ಡಿ ಬಾಕಿಯಿತ್ತು. “ಹೇಳಲು ಬರುವುದಿಲ್ಲ ಚಿಕ್ಕಪ್ಪ” ಎಂದೆನಾದರೂ ನನ್ನ ತಡವರಿಕೆಯೇ ಅವರಿಗೆ ಉತ್ತರವಾಯಿತು. ಸಂಬಂಧ ಮುರಿಯಿತು. ಆ ಸಾಲ ತಂದೆಯ ಶಸ್ತ್ರಚಿಕಿತ್ಸೆಗಾಗಿ ಮಾಡಿದ್ದೆಂದು ವರ್ಷದ ನಂತರ ಬೇರೆಯವರಿಂದ ತಿಳಿಯಿತು. ಪರದೆಯ ಮೇಲೆ ಅಂಕಿ ಕಾಣುತ್ತದೆಯೇ ಹೊರತು ಕಾರಣ ಕಾಣುವುದಿಲ್ಲ. ತನಗಾದದ್ದೇನೆಂದು ಆ ತರುಣನಿಗೆ ಇಂದಿಗೂ ತಿಳಿದಿಲ್ಲ. ನಾನು ಬಾಯಿ ಬಿಡದಿದ್ದುದು ಸಮರ್ಥನೆಯಾಗದು. ಕೆಲಸವಿಲ್ಲದೆ ಖಾತೆ ತೆರೆದದ್ದೇ ತಪ್ಪು.

ಬ್ಯಾಂಕು ಪರೀಕ್ಷೆಗಳಿಗೆ ಓದಿದವರೆಲ್ಲರೂ ಬಲ್ಲ ಇಂಗ್ಲೆಂಡಿನ ಟೂರ್ನಿಯರ್ ಮೊಕದ್ದಮೆಯ ಮೂಲದಲ್ಲಿರುವುದೂ ಇಂತಹದೇ ಒಂದು ದೂರವಾಣಿ ಕರೆ. ಒಂದು ಶಾಖೆಯ ವ್ಯವಸ್ಥಾಪಕನು ಗ್ರಾಹಕನ ವಿಳಾಸ ಕೇಳಲೆಂದು ಆತನ ಮಾಲೀಕರಿಗೆ ಕರೆಮಾಡಿ, ಆತ ಬ್ಯಾಂಕಿಗೆ ಬಾಕಿದಾರನೆಂದೂ ಜೂಜಿನ ಶಂಕೆಯಿದೆಯೆಂದೂ ಆಡಿಬಿಟ್ಟ. ಗ್ರಾಹಕನ ನೌಕರಿ ಮುಂದುವರಿಯಲಿಲ್ಲ. 1924ರಲ್ಲಿ ವರದಿಯಾದ ಆ ತೀರ್ಪು ನಾಲ್ಕು ಸಂದರ್ಭಗಳಲ್ಲಿ ಮಾತ್ರ ಗುಟ್ಟು ಬಿಡಬಹುದೆಂದಿತು: ಕಾನೂನಿನ ಒತ್ತಾಯ, ಸಾರ್ವಜನಿಕ ಕರ್ತವ್ಯ, ಬ್ಯಾಂಕಿನ ಸ್ವಂತ ಹಿತರಕ್ಷಣೆ, ಗ್ರಾಹಕನ ಒಪ್ಪಿಗೆ. ನೆಂಟಸ್ತಿಕೆ ಆ ಪಟ್ಟಿಯಲ್ಲಿಲ್ಲ.

ನಮ್ಮ ರಾಷ್ಟ್ರೀಕೃತ ಬ್ಯಾಂಕುಗಳಿಗೆ ಇದೇ ಕರ್ತವ್ಯವನ್ನು 1970ರ ಕಾಯಿದೆಯ 13ನೆಯ ಕಲಮು ವಿಧಿಸಿದೆ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು ಹೈದರಾಬಾದಿನ ಜಿಲ್ಲಾ ರಿಜಿಸ್ಟ್ರಾರರ ವಿರುದ್ಧ ಹೋರಾಡಿದ ಮೊಕದ್ದಮೆಯಲ್ಲಿ, ಗ್ರಾಹಕನ ಕಾಗದಪತ್ರಗಳು ಬ್ಯಾಂಕಿನ ಕೈಯಲ್ಲಿದ್ದರೂ ಅವುಗಳ ಗೋಪ್ಯತೆ ಅಳಿಯದೆಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ತೀರ್ಪಿತ್ತಿತು. ಖಾಸಗಿತನವು ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ಹೆಮ್ಮೆಪಡುವ ಸಂಗತಿ.

ಕುತೂಹಲದಿಂದ ಮುಂದೆ ಹೋದರೆ ಅದು ಅಪರಾಧವೇ. 2006ರಲ್ಲಿ ಎಚ್‌ಎಸ್‌ಬಿಸಿಯ ಬೆಂಗಳೂರು ಕೇಂದ್ರದ ನೌಕರನೊಬ್ಬನು ಬ್ರಿಟನ್ನಿನ ಗ್ರಾಹಕರ ವಿವರಗಳನ್ನು ಹೊರಗೆ ದಾಟಿಸಿದ ಆರೋಪದ ಮೇಲೆ ಬಂಧಿತನಾದನು. ಸುಮಾರು ಇಪ್ಪತ್ತು ಗ್ರಾಹಕರ ಖಾತೆಗಳಿಂದ ಹೋದ ಹಣ 2,33,000 ಪೌಂಡು.

ಹಾಗಾದರೆ ಗುಟ್ಟು ಬಯಲಾಗಿದೆಯೆಂಬ ಅನುಮಾನ ಬಂದವನು ಏನು ಮಾಡಬೇಕು? ಮೊದಲನೆಯದಾಗಿ, ಆ ನೌಕರನೊಡನೆ ಜಗಳಕ್ಕೆ ಹೋಗಬಾರದು. ಯಾವ ಮಾತು ಯಾವ ದಿನ ಯಾರಿಂದ ಕಿವಿಗೆ ಬಿತ್ತೆಂಬುದನ್ನು ಬರೆದಿಟ್ಟುಕೊಂಡು, ಶಾಖಾ ವ್ಯವಸ್ಥಾಪಕರಿಗೂ ಬ್ಯಾಂಕಿನ ದೂರು ಪರಿಹಾರ ಅಧಿಕಾರಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಗಣಕಯಂತ್ರದಲ್ಲಿ ಖಾತೆಯನ್ನು ಯಾರ ಸಂಖ್ಯೆಯಿಂದ, ಎಷ್ಟು ಗಂಟೆಗೆ ತೆರೆಯಲಾಯಿತೆಂಬುದು ಸಾಮಾನ್ಯವಾಗಿ ದಾಖಲಾಗಿರುತ್ತದೆ. ಈ ದಾಖಲೆಯನ್ನು ಅನಂತಕಾಲ ಇಡುವುದಿಲ್ಲ. ಆದುದರಿಂದ ಅದನ್ನು ಅಳಿಸದೆ ಕಾದಿರಿಸಬೇಕೆಂದು ಪತ್ರದಲ್ಲಿ ಸ್ಪಷ್ಟವಾಗಿ ಕೇಳತಕ್ಕದ್ದು. ಪ್ರತಿಯನ್ನು ಬ್ಯಾಂಕು ನಿಮ್ಮ ಕೈಗೆ ಕೊಡಲಿಕ್ಕಿಲ್ಲ. ಆದರೆ ಮುಂದೆ ಪೋಲೀಸರೋ ನ್ಯಾಯಾಲಯವೋ ಕೇಳಿದಾಗ ಅದು ಇರಬೇಕಲ್ಲವೇ?

ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ, ರಿಜರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಲ್ಲಿ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ; 14448 ಸಂಖ್ಯೆಗೆ ಕರೆಮಾಡಿದರೆ ಮಾಹಿತಿ ದೊರೆಯುತ್ತದೆ. ನಂಬಿಕೆಯಿಂದ ಕೊಟ್ಟ ವೈಯಕ್ತಿಕ ವಿವರವನ್ನು ಹೊರಗೆಡಹುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯಾದುದರಿಂದ ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಉಂಟು. ಹಣವೇ ಹೋಗಿದ್ದರೆ ಮಾತ್ರ ಈ ಕ್ರಮವನ್ನೆಲ್ಲ ಬದಿಗಿಟ್ಟು ತಕ್ಷಣ 1930ಕ್ಕೆ ಕರೆಮಾಡಬೇಕು. ಒಪ್ಪಂದದ ಮೇರೆಗೆ ದೊರೆತ ವೈಯಕ್ತಿಕ ವಿವರವನ್ನು ದುರುದ್ದೇಶದಿಂದ ಹೊರಗೆಡಹಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 72ಎ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಅವು ಹಂತಹಂತವಾಗಿ ಜಾರಿಯಾಗುವಂತಹವು. ಅವುಗಳಿಗಾಗಿ ಕಾಯುತ್ತ ಕುಳಿತುಕೊಳ್ಳುವ ಅಗತ್ಯ ನನಗೆ ಕಾಣದು.

ನಮ್ಮವರನೇಕರ ಉಳಿತಾಯ ಪತಪೇಢಿಗಳಲ್ಲಿಯೂ ಕಚೇರಿಯ ಪತ್ತಿನ ಸಂಘಗಳಲ್ಲಿಯೂ ಇದೆ. ಅವು ಒಂಬುಡ್ಸ್‌ಮನ್ನರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿಯ ದೂರು ಸಹಕಾರಿ ಸಂಘಗಳ ನಿಬಂಧಕರ ಕಚೇರಿಗೆ ಹೋಗಬೇಕು. ಸಿಬಿಲ್ ಮೊದಲಾದ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಉಚಿತವಾಗಿ ದೊರೆಯುವ ವರದಿಯನ್ನು ತರಿಸಿಕೊಳ್ಳುವುದೂ ಒಳ್ಳೆಯದು. ಸಾಲದ ವಿಚಾರಣೆ ನಡೆಸಿದ ಸಂಸ್ಥೆಯ ಹೆಸರು, ದಿನಾಂಕ ಅದರಲ್ಲಿರುತ್ತವೆ. ಸಾಲ ಕೇಳದ ಕಡೆಯ ಹೆಸರು ಕಂಡರೆ ಪ್ರಶ್ನಿಸಬಹುದು.

ಇಷ್ಟೆಲ್ಲ ತಿಳಿದ ಮೇಲೂ ನಮ್ಮವರು ಹಿಂಜರಿಯುವುದುಂಟು. “ನಮ್ಮವನೇ ಹುಡುಗ, ಅವನ ಅನ್ನಕ್ಕೆ ಕಲ್ಲು ಹಾಕುವುದೇ?” ಎಂಬ ಮಾತನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಶಿಕ್ಷೆ ಎಚ್ಚರಿಕೆಯೋ ವರ್ಗಾವಣೆಯೋ ಅದಕ್ಕಿಂತ ಹೆಚ್ಚಿನದೋ ಎಂಬುದು ವಿಚಾರಣೆಯಲ್ಲಿ ತೀರ್ಮಾನವಾಗುವ ವಿಷಯ. ದೂರುದಾರನು ಯಾರ ಹೆಸರನ್ನೂ ಬರೆಯಬೇಕಾಗಿಲ್ಲ. “ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನನ್ನ ಖಾತೆಯನ್ನು ಯಾರು, ಯಾವ ಕಾರ್ಯಕ್ಕಾಗಿ ತೆರೆದರೆಂಬುದನ್ನು ಪರಿಶೀಲಿಸಿ ಲಿಖಿತ ಉತ್ತರ ನೀಡಬೇಕಾಗಿ ವಿನಂತಿ” ಎಂದಷ್ಟು ಬರೆದರೆ ಸಾಕು.