ನಾಯಿಯೊಂದಿಗೆ ಹೊರಸಂಚಾರ: ಪ್ರಥಮ ಚಿಕಿತ್ಸಾ ಪೆಟ್ಟಿಗೆಯ ಸಿದ್ಧತೆ

ಕಲಬುರಗಿ ನಗರ, ಕುಸನೂರ ಹಾಗೂ ಕಮಲಾಪುರ ಭಾಗದ ನಾಗರಿಕರು ಸಾಕುನಾಯಿಗಳನ್ನು ಹೊಲ, ಕೆರೆ, ಗುಡ್ಡಗಳ ಕಡೆಗೆ ಕರೆದೊಯ್ಯುವಾಗ ಪ್ರಥಮ ಚಿಕಿತ್ಸಾ ಪೆಟ್ಟಿಗೆಯನ್ನು ಜೊತೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ಇದು ಪಶುವೈದ್ಯರಿಗೆ ಪರ್ಯಾಯವಲ್ಲ; ಆಸ್ಪತ್ರೆ ತಲುಪುವವರೆಗೆ ಪ್ರಾಣ ಉಳಿಸುವುದಷ್ಟೇ ಇದರ ಉದ್ದೇಶ.

ಈ ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ಅದು ಮುಖ್ಯವಾಗಿ ಏದುಸಿರಿನ ಮೂಲಕ ಶಾಖವನ್ನು ಹೊರಹಾಕುತ್ತದೆ. ಆದಕಾರಣ ಪೆಟ್ಟಿಗೆಯ ಜೊತೆ ಮೊದಲು ಇರಬೇಕಾದದ್ದು ಔಷಧಿಯಲ್ಲ, ಸಾಕಷ್ಟು ನೀರು. ನಾಯಿಗೆಂದೇ ಪ್ರತ್ಯೇಕವಾದ ಡಿಜಿಟಲ್ ಥರ್ಮಾಮೀಟರ್ ಇರಲಿ. ಗುದದ್ವಾರದಲ್ಲಿ ಅಳೆದಾಗ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಅದು 104 ದಾಟಿ, ನಾಯಿ ತೂರಾಡುತ್ತಿದ್ದಲ್ಲಿ ಕೂಡಲೇ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತಾ ಆಸ್ಪತ್ರೆಗೆ ಸಾಗಿಸಬೇಕು. ಬಲವಂತವಾಗಿ ನೀರು ಕುಡಿಸಬಾರದು. ಮುಧೋಳ ತಳಿ ಈ ಹವೆಗೆ ಒಗ್ಗಿದೆಯೆಂದು ಮಧ್ಯಾಹ್ನ ಓಡಿಸುವುದೂ ಸರಿಯಲ್ಲ.

ತೊಗರಿ ಕೊಯ್ಲಾದ ಹೊಲದ ಕೂಳೆ ಹಾಗೂ ಜಾಲಿಮುಳ್ಳಿನಿಂದ ಪಾದಗಳಿಗೆ ಗಾಯವಾಗುತ್ತದೆ. ಇದಕ್ಕಾಗಿ ಚಿಮಟ, ಕತ್ತರಿ, ಸಲೈನ್, ಶುದ್ಧ ಗಾಜ್ ಬಟ್ಟೆ, ಸುತ್ತುವ ಬ್ಯಾಂಡೇಜು ಬೇಕು. ಕೂದಲಿಗೆ ಅಂಟುವ ಪ್ಲಾಸ್ಟರ್ ಪ್ರಯೋಜನವಿಲ್ಲ. ನೋವಿನಲ್ಲಿ ಮನೆಯ ನಾಯಿಯೂ ಕಚ್ಚಬಹುದು. ಬಾಯಿ ಕಟ್ಟಲು ಅಗಲವಾದ ಬಟ್ಟೆಪಟ್ಟಿ ಇರಲಿ. ಆದರೆ ವಾಂತಿ ಅಥವಾ ಏದುಸಿರು ಇದ್ದಾಗ ಕಟ್ಟಬಾರದು. ನಾಯಿ ಕಚ್ಚಿದಲ್ಲಿ, ಅದಕ್ಕೆ ಲಸಿಕೆಯಾಗಿದ್ದರೂ, ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗತಕ್ಕದ್ದು.

ಹಾವು ಕಚ್ಚಿದಾಗ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ನಾಟಿ ಔಷಧಿ ಹಚ್ಚುವುದು ಸಲ್ಲದು. ನಾಯಿಯನ್ನು ನಡೆಸದೆ ಎತ್ತಿಕೊಂಡು ಸಾಗಿಸುವುದೊಂದೇ ಮಾರ್ಗ.

ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮುಂತಾದ ಮನುಷ್ಯರ ನೋವಿನ ಮಾತ್ರೆಗಳು ನಾಯಿಗೆ ವಿಷಕಾರಿಯಾಗಬಲ್ಲವು. ಪಶುವೈದ್ಯರ ಸಲಹೆಯಿಲ್ಲದೆ ಕೊಡಬಾರದು. ಸಿಂಪಡಣೆಯಾದ ಹೊಲದಲ್ಲಿ ಕೀಟನಾಶಕ ನೆಕ್ಕಿದ ಸಂದೇಹವಿದ್ದಲ್ಲಿ ವಾಂತಿ ಮಾಡಿಸಲು ಯತ್ನಿಸದೆ, ಔಷಧಿಯ ಡಬ್ಬಿ ಅಥವಾ ಅದರ ಹೆಸರನ್ನು ವೈದ್ಯರಿಗೆ ತೋರಿಸಬೇಕು.

ರೇಬೀಸ್ ಲಸಿಕೆಯ ದಾಖಲೆ, ಸಮೀಪದ ಪಶು ಆಸ್ಪತ್ರೆಯ ದೂರವಾಣಿ ಸಂಖ್ಯೆ ಹಾಗೂ ಪಶುಚಿಕಿತ್ಸಾ ಸಹಾಯವಾಣಿ 1962 ಇವುಗಳನ್ನು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸತಕ್ಕದ್ದು. ಮೊಬೈಲ್ ಸಂಪರ್ಕ ಸಿಗದ ಗುಡ್ಡಗಳಲ್ಲಿ ಹೊರಡುವ ಮುನ್ನವೇ ಆಸ್ಪತ್ರೆಯ ದಾರಿಯನ್ನು ತಿಳಿದುಕೊಂಡಿರುವುದು ಒಳಿತು.